ಪಾಪ, ಅವರಿಗೆ ಅಭ್ಯಾಸ ಆಗಿದೆ ಬಿಡಿ



ಹೋದ ಭಾನುವಾರ ನಮ್ಮ ಅಧ್ಯಯನದಲ್ಲಿ ಹತ್ತು ಪಾರಮಿಗಳ ಪೈಕಿ ಖಂತಿಯ ಪಾಠ ನಡೆಯಿತು. ಕೊನೆಯಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಖಂತಿ ಅಂದ್ರ ತಾಳ್ಮೆ ಅಂತೀರ ಸಾ. ನಮ್ಮವ್ವ ಈ ಬಿಸ್ಲಲ್ಲಿ ಕಳೆ ಕೀಳಕ್ಕ ಹೋಯ್ತಳ. ತಾಳ್ಕಂಡೇ ಹೋಯ್ತಳ. ಅದೂ ಪಾರಮಿನಾ?" ಅಷ್ಟರಲ್ಲಿ ವಂದನೆಗೆ ಎಲ್ಲರೂ ಎದ್ದರು, ಮಾತು ಅಲ್ಲಿಗೇ ನಿಂತಿತು. ಇವತ್ತಿನ ಚಿಂತನೆ ಆ ಪ್ರಶ್ನೆಯ ಮೇಲೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಬಿಸಿಲಿನ ಮಾತು ಬಂದಾಗಲೆಲ್ಲ ನಾನು ಕೇಳುವ ಒಂದು ವಾಕ್ಯವಿದೆ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳಿದ್ದೇನೆ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರನ್ನೋ ರಸ್ತೆಗೆ ಡಾಂಬರು ಹಾಕುವವರನ್ನೋ ಕಿಟಕಿಯಿಂದ ನೋಡಿ ಒಬ್ಬರು "ಅಯ್ಯೋ, ಈ ಬಿಸಿಲಲ್ಲಿ ಹೆಂಗೆ ಕೆಲಸ ಮಾಡ್ತಾರಪ್ಪ" ಅನ್ನುತ್ತಾರೆ. ಪಕ್ಕದವರು "ಪಾಪ, ಅವರಿಗೆ ಅಭ್ಯಾಸ ಆಗಿದೆ ಬಿಡಿ" ಅನ್ನುತ್ತಾರೆ. ಹೇಳುವವರು ಕೆಟ್ಟವರಲ್ಲ. ಕನಿಕರವೂ ಆ ಮಾತಿನಲ್ಲಿದೆ. ಆದರೆ 'ಪಾಪ'ದಲ್ಲಿ ಹುಟ್ಟಿದ ಕನಿಕರ 'ಬಿಡಿ'ಗೆ ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಕನ್ನಡ ಮೇಷ್ಟ್ರಾದ್ದರಿಂದಲೋ ಏನೋ, ನನಗೆ ಆ 'ಬಿಡಿ'ಯ ಮೇಲೇ ಕಣ್ಣು.

ಮೊದಲು ಮೈಯ ವಿಷಯ. ಅಭ್ಯಾಸ ಅನ್ನುವುದು ಪೂರ್ತಿ ಸುಳ್ಳಲ್ಲ. ಒಂದೆರಡು ವಾರ ಬಿಸಿಲಲ್ಲಿ ದುಡಿದ ಮೈ ಸ್ವಲ್ಪ ಹೊಂದಿಕೊಳ್ಳುತ್ತದೆ. ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕೆಲವು ವಾರ ನೆರಳಲ್ಲಿ ಕೂತರೆ ಈ ಹೊಂದಾಣಿಕೆ ಹೊರಟುಹೋಗುತ್ತದೆ. ಇದು ಹುಟ್ಟಿನಿಂದ ಬಂದದ್ದಲ್ಲ, ಜಾತಿಯಲ್ಲಿ ಇಳಿದು ಬಂದದ್ದಂತೂ ಅಲ್ಲ. ಇನ್ನೊಂದು ಸಂಗತಿ ಗಮನಿಸಿ. ಅಭ್ಯಾಸವಾದ ಮೈ ಹೆಚ್ಚು ಬೆವರುತ್ತದೆ ಅಂದರೆ ಅದಕ್ಕೆ ನೀರೂ ಹೆಚ್ಚು ಬೇಕು. ಬಿರುಬಿಸಿಲಲ್ಲಿ ಕಷ್ಟದ ಕೆಲಸ ಮಾಡುವವರ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯಬಹುದು. ನಿಜವಾಗಿ ಅಭ್ಯಾಸ ಆಗಿರುವವರಿಗೇ ಹೊಲದ ಬದಿಯಲ್ಲಿ ದೊಡ್ಡ ಬಿಂದಿಗೆ ಇಡಬೇಕು. ನಡೆಯುವುದು ಮಾತ್ರ ಉಲ್ಟಾ: ಅಭ್ಯಾಸ ಇದೆ ಅನ್ನುವುದೇ ಬಿಂದಿಗೆ ಇಡದಿರುವುದಕ್ಕೆ ನೆಪ.

ಅಭ್ಯಾಸಕ್ಕೆ ಮಿತಿಯೂ ಇದೆ. ಒಳಮೈಯ ಶಾಖ 40 ಡಿಗ್ರಿ ದಾಟಿದರೆ ಮಾತು ತೊದಲುತ್ತದೆ, ಎಲ್ಲಿದ್ದೇವೆ ಅನ್ನುವುದು ತಿಳಿಯುವುದಿಲ್ಲ, ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಹಾಗಾದವರನ್ನು ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಬೇಕು, 108ಕ್ಕೆ ಫೋನ್ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಬರೀ ಸುಸ್ತಾಗಿ ಎಚ್ಚರವಿರುವವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕೊಡಬಹುದು. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ ನಮ್ಮ ಮನೆಗಳಲ್ಲಿ ಮೊದಲಿಂದ ಇದ್ದದ್ದೇ.

ಟಿವಿಯಲ್ಲಿ ಹೇಳುವ ಡಿಗ್ರಿಯ ಬಗ್ಗೆಯೂ ಒಂದು ಮಾತು. ಅದು ನೆರಳಿನ ಲೆಕ್ಕ. ಹವಾಮಾನ ಕೇಂದ್ರದ ಥರ್ಮಾಮೀಟರ್ ಇರುವುದು ಗಾಳಿಯಾಡುವ, ಬಿಳಿ ಬಣ್ಣ ಬಳಿದ ಪೆಟ್ಟಿಗೆಯೊಳಗೆ. ಸ್ಟೀವನ್‌ಸನ್ ಪೆಟ್ಟಿಗೆ ಅಂತ ಅದರ ಹೆಸರು. ('ಟ್ರೆಷರ್ ಐಲ್ಯಾಂಡ್' ಬರೆದ ಸ್ಟೀವನ್‌ಸನ್ ಅವರ ತಂದೆ ರೂಪಿಸಿದ್ದು. ಇದನ್ನು ಹೇಳಿದರೆ ಮಕ್ಕಳು ಪಾಠ ಮರೆತರೂ ಪೆಟ್ಟಿಗೆ ಮರೆಯುವುದಿಲ್ಲ.) ಗಾಳಿಯ ಬಿಸಿ ಅಳೆಯಲು ಅದೇ ಸರಿಯಾದ ಕ್ರಮ, ದೂರುವಂಥದ್ದೇನಿಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಕರಿಕಲ್ಲಿನ ಕ್ವಾರಿಯಲ್ಲಿ ನಿಂತವನ ಮೈಗೆ ತಾಗುವುದು ಆ ಡಿಗ್ರಿ ಅಲ್ಲ. ಜೊತೆಗೆ, ಬಯಲು ಸೀಮೆಯಲ್ಲಿ ಉಷ್ಣಾಂಶ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಾದಾಗ 'ಬಿಸಿಗಾಳಿ' ಅನ್ನುವುದು ಇಲಾಖೆಯ ಸಾಮಾನ್ಯ ಅಳತೆ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಬಹುಪಾಲು ಬೇಸಿಗೆ ದಿನಗಳು ಆ ಗೆರೆ ಮುಟ್ಟುವುದಿಲ್ಲ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಆದಾಗ ರಾಜ್ಯವೆಲ್ಲ ಅದೇ ಸುದ್ದಿ. ನಮ್ಮ ಹೊಲಗಳಲ್ಲಿ ಆವತ್ತೂ ಕೂಲಿ ನಡೆದಿತ್ತು, ಅದು ಸುದ್ದಿಯಲ್ಲ.

ಈಗ ಸುತ್ತ ಕಣ್ಣು ಹಾಯಿಸಿ. ಈ ತಿಂಗಳು ಅರಿಶಿನ ಅಗೆದು ಬೇಯಿಸುವ ಕಾಲ, ಮೇಲೆ ಬಿಸಿಲು ಎದುರಿಗೆ ಕುದಿಯುವ ಹಬೆ. ಬಂಡೀಪುರದಲ್ಲಿ ಬೆಂಕಿ ಕಾಯುವ ದಿನಗೂಲಿಯವರು ಬೇಸಿಗೆ ಮುಗಿಯುವವರೆಗೆ ಒಣಗಿದ ಕಾಡಿನಲ್ಲೇ. 2019ರ ಫೆಬ್ರವರಿಯಲ್ಲಿ ಕಾಡು ಹೇಗೆ ಉರಿಯಿತು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಪೌರಕಾರ್ಮಿಕರು, ಇಟ್ಟಿಗೆ ಗೂಡಿನವರು, ಕ್ವಾರಿಯವರು. ಇವರಲ್ಲಿ ನಮ್ಮ ಕೇರಿಯವರು ಎಷ್ಟು ಜನ ಅಂತ ಎಣಿಸಲು ಸಮೀಕ್ಷೆ ಬೇಕಿಲ್ಲ. ದುಡಿದು ಮನೆಗೆ ಬಂದರೆ ಮೇಲೆ ಶೀಟು. ಹಗಲು ಕಾದ ಶೀಟು ರಾತ್ರಿ ಹತ್ತಾದರೂ ಬಿಸಿ ಬಿಡುವುದಿಲ್ಲ. ಕೇರಿಯಲ್ಲಿ ಒಂದು ಹೊಂಗೆ ಮರ ನೆಡೋಣವೆಂದರೆ ಸೈಟು ಗೋಡೆಗೇ ಸಾಲದು. ಮರವಿರುವುದು ಊರ ನಡುವೆ, ಅರಳಿಕಟ್ಟೆಯಲ್ಲಿ. ಬೋಧಿವೃಕ್ಷವೇ ಅದು, ಅದೇ ಎಲೆ ಅದೇ ನೆರಳು. ಆ ಕಟ್ಟೆಯ ಮೇಲೆ ಕೂರಲು ನಮ್ಮ ಹಿರಿಯರಿಗೆ ಬಿಟ್ಟಿರಲಿಲ್ಲ.

ನಮ್ಮ ಬೀದಿಯ ದೊಡ್ಡವ್ವ ಒಬ್ಬರನ್ನು ಮೊನ್ನೆ ಕೇಳಿದೆ, "ಬಿಸ್ಲು ನಿಂಗ ಅಭ್ಯಾಸ ಆಗ್ಬುಟ್ಟದ ಅಂತಾರಲ್ಲ ದೊಡ್ಡವ್ವ, ನಿಜವಾ?" ಅಂತ. "ಯಾರ್ ಕಣ್ ಮಗ ಹಂಗಂದವ್ರು? ರಾತ್ರ ಮನಿಕಂಡ್ರ ಅಂಗೈ ಅಂಗಾಲು ಉರಿ. ಹೋಗ್ದೆ ಇದ್ರ ಕೂಲಿ ಯಾರ್ ಕೊಟ್ಟಾರು?" ಅಂದರು. ಹೊರಗಿಂದ ನೋಡಿದವರಿಗೆ ಅಭ್ಯಾಸವಾಗಿ ಕಾಣುವುದು ಅವರ ಬಾಯಲ್ಲಿ ಬೇರೆ ಗತಿಯಿಲ್ಲದ ಸ್ಥಿತಿ.

ಇದೇ ವಾಕ್ಯವನ್ನು ನಾವು ಬೇರೆ ರೂಪದಲ್ಲೂ ಕೇಳಿಲ್ಲವೇ? ಮಲಗುಂಡಿಗೆ ಇಳಿಯುವವರಿಗೆ ವಾಸನೆ ಅಭ್ಯಾಸ. ಸತ್ತ ದನ ಹೊರುವವರಿಗೆ ಭಾರ ಅಭ್ಯಾಸ. ಜಾತಿ ಎಂಬುದು ಕೆಲಸದ ಹಂಚಿಕೆ ಅಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆದು ಹಂಚಿದ್ದು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದರು. ಬಿಸಿಲನ್ನು ಹಂಚಿದ್ದೂ ಅದೇ ಲೆಕ್ಕದಲ್ಲಿ. "ಬಿಸಿಲು ಎಲ್ಲರಿಗೂ ಒಂದೇ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸೂರ್ಯ ಒಬ್ಬನೇ ಇರಬಹುದು, ನೆರಳು ಒಂದೇ ಅಲ್ಲ.

ಹಾಗಾದರೆ ಧಮ್ಮ ಏನು ಹೇಳುತ್ತದೆ? ಮಜ್ಝಿಮ ನಿಕಾಯದ ಎರಡನೆಯ ಸುತ್ತ, ಸಬ್ಬಾಸವ ಸುತ್ತ. ಮನಸ್ಸಿನ ಆಸವಗಳನ್ನು ಬಿಡಲು ಭಗವಾನರು ಅಲ್ಲಿ ಏಳು ದಾರಿ ಹೇಳುತ್ತಾರೆ. ನಾಲ್ಕನೆಯದು ಸಹನೆ: ಚಳಿ, ಸೆಕೆ, ಹಸಿವು, ಬಾಯಾರಿಕೆ, ಸೊಳ್ಳೆ, ಗಾಳಿ, ಬಿಸಿಲು ಇವನ್ನು ಭಿಕ್ಷು ತಾಳಿಕೊಳ್ಳಬೇಕು. ಇದನ್ನು ಮಾತ್ರ ಕಿತ್ತುಕೊಂಡು ಓದಿದರೆ "ನೋಡಿ, ಬುದ್ಧರೇ ತಾಳಿಕೋ ಅಂದಿದ್ದಾರೆ" ಅನ್ನಬಹುದು. ಆದರೆ ಅದಕ್ಕೂ ಹಿಂದೆ, ಮೂರನೆಯದರಲ್ಲಿ, ಬಿಸಿಲು ಇನ್ನೊಮ್ಮೆ ಬರುತ್ತದೆ. ಭಿಕ್ಷು ಚೀವರ ಧರಿಸುವುದೂ ವಸತಿ ಬಳಸುವುದೂ ಯಾತಕ್ಕೆ? ಚಳಿ, ಸೆಕೆ, ಸೊಳ್ಳೆ, ಬಿಸಿಲಿನಿಂದ ಕಾಪಾಡಿಕೊಳ್ಳಲಿಕ್ಕೆ. ಮೊದಲು ಬಟ್ಟೆ, ಸೂರು. ಅದಾದಮೇಲೂ ಉಳಿದದ್ದಕ್ಕೆ ಸಹನೆ. ಐದನೆಯದು ತಪ್ಪಿಸಿಕೊಳ್ಳುವುದು. ಕಾಡಾನೆ, ಹಾವು, ಮುಳ್ಳಿನಿಂದ ದೂರ ಸರಿಯಬೇಕು ಅನ್ನುತ್ತದೆ ಸುತ್ತ. ಬಂಡೀಪುರದ ಅಂಚಿನಲ್ಲಿರುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ! ಆನೆ ಎದುರು ಬಂದರೆ ಖಂತಿ ಅಂತ ನಿಲ್ಲುವವರು ಯಾರು? ಈ ಕ್ರಮಕ್ಕೆ ಅರ್ಥವಿದೆ ಎಂಬುದು ನನ್ನ ಓದು. ಪಾಲಿ ಬಲ್ಲವರು ಒಪ್ಪದಿದ್ದರೆ ಗುಂಪಿನಲ್ಲಿ ಬರೆಯಿರಿ.

ಇನ್ನೂ ಒಂದಿದೆ. ಅಲ್ಲಿ ತಾಳಿಕೊಳ್ಳುವವನು ತಾನೇ ಆರಿಸಿಕೊಂಡು ಮನೆ ಬಿಟ್ಟು ಬಂದ ಭಿಕ್ಷು. ತಾಳಿಕೋ ಎಂದು ಅವನು ಹೇಳಿಕೊಳ್ಳುವುದು ತನಗೇ ಹೊರತು ಕೂಲಿಯವಳಿಗಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಖಂತಿಯ ತಿರುಳನ್ನು ದ್ವೇಷಕ್ಕೆ ದ್ವೇಷದಿಂದ ಉತ್ತರಿಸದಿರುವುದರಲ್ಲಿ ಕಾಣುತ್ತಾರೆ. ದ್ವೇಷದ ಎದುರು ಖಂತಿ ಸರಿ. ಶೀಟಿನ ಮನೆಗೆ ಅದು ಪರಿಹಾರವಲ್ಲ, ಬಿಂದಿಗೆ ಇಡದ ಹೊಲದ ಯಜಮಾನನಿಗೆ ಗುರಾಣಿಯೂ ಆಗಬಾರದು. ಆ ಹುಡುಗಿಯ ತಾಯಿ ಬಿಸಿಲಿಗೆ ಹೋಗುವುದು ಮಗಳ ಫೀಸಿಗೆ. ಅದರಲ್ಲಿ ಪಾರಮಿ ಇದ್ದರೆ ಅದನ್ನು ಮಗಳು ಹೇಳಲಿ. ನೆರಳಲ್ಲಿ ಕೂತ ನಾವು ಹೇಳಿದರೆ ಅದು 'ಅಭ್ಯಾಸ ಆಗಿದೆ ಬಿಡಿ' ಅನ್ನುವುದಕ್ಕೇ ಪಾಲಿಯ ಬಟ್ಟೆ ತೊಡಿಸಿದ ಹಾಗೆ.

ಬೇರೆ ದಾರಿ ಇಲ್ಲವೇ ಅಂದರೆ, ಮೂಲೆಹೊಳೆ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಕೇರಳದಲ್ಲೇ ಇದೆ. ಅಲ್ಲಿನ ಕಾರ್ಮಿಕ ಇಲಾಖೆ ಬೇಸಿಗೆ ಬಂದರೆ ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡಬೇಕೆಂದು ಆದೇಶ ಹೊರಡಿಸುತ್ತದೆ. ತೀರ ಎತ್ತರದ ಜಾಗಗಳಿಗೆ ವಿನಾಯಿತಿ ಇದೆ. ಎಲ್ಲ ಕಡೆ ಪಾಲನೆ ಆಗುತ್ತದೆಂದು ನಾನು ಹೇಳಲಾರೆ, ಆದರೂ ಕೇಳಲು ಒಂದು ಕಾಗದವಾದರೂ ಇದೆ. ನಮ್ಮ ರಾಜ್ಯದಲ್ಲಿ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗಳ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುತ್ತವೆ. ಒಳ್ಳೆಯದೇ. ಫ್ಯಾನಿನ ಕೆಳಗಿನ ಫೈಲಿಗೆ ಸಿಕ್ಕ ರಿಯಾಯಿತಿ ಹೊಲದ ಕುಡುಗೋಲಿಗೂ ಸಿಗಲಿ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೆ ನೆರಳು, ವಿಶ್ರಾಂತಿ ಇರಬೇಕು ಎಂದು ಬರೆದಿತ್ತು. ಅಂದರೆ ಇದು ಯಾರೋ ತೋರಿಸುವ ಕನಿಕರವಲ್ಲ, ಕೇಳಿ ಪಡೆಯುವಂಥದ್ದು.

ನೀರಿನ ಮಾತು ಬಂದರೆ ನಮ್ಮ ಎದೆ ಬೇರೆ ರೀತಿ ಉರಿಯುತ್ತದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌಡಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಗಂಜಲ, ಸಗಣಿ ತುಂಬಿದ ಕೊಡಗಳಿಂದ ಕೆರೆಯನ್ನು 'ಶುದ್ಧಿ' ಮಾಡಿದರು. 95 ವರ್ಷ ಕಳೆದು, 2022ರ ನವೆಂಬರಿನಲ್ಲಿ, ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿ ಗಂಜಲದಿಂದ ತೊಳೆದರೆಂಬ ದೂರು ಬಂತು, ಕೇಸೂ ದಾಖಲಾಯಿತು. ನಮ್ಮ ಹಿರಿಯರ ಕಾಲದ ಅರವಟ್ಟಿಗೆಗಳಲ್ಲೂ ಪುಣ್ಯಕ್ಕೆಂದು ನೀರು ಕೊಡುತ್ತಿದ್ದರು, ನಮ್ಮವರ ಬೊಗಸೆಗೆ ಮಾತ್ರ ಮೇಲಿಂದ ಹುಯ್ಯುತ್ತಿದ್ದರು. ಸಂಯುತ್ತ ನಿಕಾಯದಲ್ಲಿ ತೋಪು ಬೆಳೆಸುವವರು, ಬಾವಿ ತೋಡಿಸುವವರು, ಅರವಟ್ಟಿಗೆ ಇಡುವವರ ಪುಣ್ಯ ಹಗಲೂ ರಾತ್ರಿ ಬೆಳೆಯುತ್ತದೆ ಎಂಬ ಮಾತಿದೆ. ಅಶೋಕ ದಾರಿಬದಿಯಲ್ಲಿ ಆಲದ ಮರ ನೆಡಿಸಿದ್ದು ಜನಕ್ಕೂ ಪ್ರಾಣಿಗಳಿಗೂ ನೆರಳಾಗಲಿ ಎಂದು. ಯಾವ ಜನಕ್ಕೆ ಎಂದು ಶಾಸನದಲ್ಲಿ ವಿಂಗಡಿಸಲಿಲ್ಲ.

ಊರನ್ನು ಕೇಳುವ ಮುಂಚೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ನಮ್ಮ ದೊಡ್ಡ ಹಬ್ಬ ಬರುವುದೇ ಏಪ್ರಿಲ್ 14ಕ್ಕೆ, ಬುದ್ಧ ಪೂರ್ಣಿಮೆ ಸಾಮಾನ್ಯವಾಗಿ ಮೇನಲ್ಲಿ. ಎರಡೂ ಸುಡುವ ದಿನಗಳು. ಮೆರವಣಿಗೆ ಹೊರಡುವಾಗ ಹನ್ನೊಂದು, ಅತಿಥಿಗಳು ಬರುವಾಗ ಒಂದು. ಅಷ್ಟೂ ಹೊತ್ತು ಬಿಳಿ ಬಟ್ಟೆಯ ಮಕ್ಕಳು ಬಾವುಟ ಹಿಡಿದು ಡಾಂಬರಿನ ಮೇಲೆ ನಿಂತಿರುತ್ತಾರೆ. ವೇದಿಕೆಗೆ ಶಾಮಿಯಾನ ಇರುತ್ತದೆ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಪ್ರಶಸ್ತಿ ಸಮಾರಂಭವೊಂದಕ್ಕೆ ಬಂದು ಬಯಲಲ್ಲಿ ಗಂಟೆಗಟ್ಟಲೆ ಕೂತಿದ್ದ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲ ಹೊಡೆತಕ್ಕೆ ಸತ್ತರು. ಅವರೂ ಭಕ್ತಿಯಿಂದ ತಾಳಿಕೊಂಡೇ ಕೂತಿದ್ದವರು.

ಈ ಸಲದ ಜಯಂತಿಯ ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. ಮೆರವಣಿಗೆ 11 ಗಂಟೆಗೆ ಎಂದು ಬರೆದಿದೆ. ಅದನ್ನು ಬೆಳಿಗ್ಗೆ 7ಕ್ಕೆ ಇಟ್ಟು 9ರೊಳಗೆ ಮುಗಿಸಿ, ಸಭೆಯನ್ನು ಸಂಜೆ 5ಕ್ಕೆ ಮಾಡಬಹುದು. ಶಾಮಿಯಾನಕ್ಕೆ ದುಡ್ಡು ಒಂದಕ್ಕೇ ಇದ್ದರೆ ಅದನ್ನು ಮಕ್ಕಳು, ಮುದುಕರು ಕೂರುವ ಕಡೆ ಹಾಕೋಣ, ಅತಿಥಿಗಳು ಅಲ್ಲೇ ಬಂದು ಮಾತಾಡಲಿ. ಬಸ್ ಸ್ಟ್ಯಾಂಡ್ ಹತ್ತಿರ ಮೂರು ಮಡಕೆ ಇಡಲು ಇಬ್ಬರು ಒಪ್ಪಿದ್ದಾರೆ, ನೀರು ತುಂಬಲು ಪಾಳಿಗೆ ಇನ್ನೂ ನಾಲ್ಕು ಜನ ಬೇಕು. ಲೋಟ ಎಲ್ಲರಿಗೂ ಒಂದೇ ಥರದ್ದು ಇರಲಿ, ಯಾರು ಬಂದರೂ ಅವರ ಕೈಗೇ ಕೊಡೋಣ. ಸಮಯದ ವಿಷಯ ಸಮಿತಿಯವರು ಇವತ್ತು ಸಂಜೆಯೊಳಗೆ ತಿಳಿಸಿದರೆ ನಾಳೆ ಪ್ರೆಸ್ಸಿಗೆ ಕೊಡುತ್ತೇನೆ.

ಜೈಭೀಮ್. ನಮೋ ಬುದ್ಧಾಯ.