ಅರ್ಧಶಕ್ತಿ

ಪಾರ್ಶ್ವವಾಯುವಿಗೆ ಪ್ರಾಚೀನ ವೈದ್ಯರು ಇಟ್ಟ ಹೆಸರು ಪಕ್ಷಾಘಾತ. ಪಕ್ಷವೆಂದರೆ ದೇಹದ ಒಂದು ಮಗ್ಗುಲು. ರೆಕ್ಕೆಯೆಂಬ ಅರ್ಥವೂ ಅದಕ್ಕುಂಟು. ನಿನ್ನೆಯವರೆಗೆ ಇಚ್ಛೆಗೂ ಕ್ರಿಯೆಗೂ ನಡುವೆ ಅಂತರವೊಂದಿದೆಯೆಂಬುದನ್ನೇ ಅರಿಯದಿದ್ದವನು, ಒಂದು ಬೆಳಗ್ಗೆ ತನ್ನ ಬಲಗೈ ತನ್ನ ಮಾತನ್ನು ಕೇಳದಿರುವುದನ್ನು ಕಂಡಾಗ, ವೇದಾಂತಿಗಳು ಬಹುಕಾಲ ಬೋಧಿಸಿಯೂ ಮನಗಾಣಿಸಲಾರದ ದೇಹಾತ್ಮವಿವೇಕವು ಅವನಿಗೆ ಅಯಾಚಿತವಾಗಿ ದೊರೆಯುತ್ತದೆ. ಅದರಿಂದ ಅವನಿಗೆ ಮುಕ್ತಿಯೇನೂ ದೊರೆಯುವುದಿಲ್ಲ.

ನಮ್ಮ ದೊಡ್ಡಪ್ಪನವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ ಅವರನ್ನು ಹೆಚ್ಚಾಗಿ ಬಾಧಿಸಿದ್ದು ನಡಿಗೆಯ ಚಿಂತೆಯಲ್ಲ. ಬಲ ಅಂಗೈ ಬಾಗದಿರಲು ಆಚಮನ ಮಾಡುವುದೆಂತು ಎಂಬ ಚಿಂತೆ. ನೋಡಲು ಬಂದವರು ಪ್ರಾರಬ್ಧವೆಂದು ನಿಟ್ಟುಸಿರಿಟ್ಟರು. ಪುರೋಹಿತರು ಮಾನಸಪೂಜೆಯೇ ಸಾಕೆಂದರು. ದೊಡ್ಡಮ್ಮನವರು ಅನ್ನ ಕಲಸಿ ಬಾಯಿಗೆ ತುತ್ತಿಡತೊಡಗಿದರು. ಎಲ್ಲರ ಮಾತಿನಲ್ಲಿಯೂ ಕರುಣೆಯಿದ್ದಿತು. ಆ ಕರುಣೆಯೆಲ್ಲ ಸೇರಿ, ವ್ಯಾಧಿಯು ಉಳಿಸಿಹೋಗಿದ್ದ ಅಷ್ಟಿಷ್ಟು ಕರ್ತೃತ್ವವನ್ನೂ ಅವರಿಂದ ಕಸಿದುಕೊಳ್ಳುತ್ತಿದ್ದಿತು.

ಹೀಗೆ ಯತ್ನವನ್ನೇ ಕೈಬಿಟ್ಟರೆ ಏನಾಗುವುದೆಂಬುದಕ್ಕೆ ಪ್ರಯೋಗವೊಂದುಂಟು. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟೌಬ್ ಎಂಬಾತನು, ಒಂದು ಕೈಯ ಸಂವೇದನಾನರಗಳು ಕತ್ತರಿಸಲ್ಪಟ್ಟ ಕೋತಿಗಳು ಆ ಕೈಯನ್ನು ಬಳಸುವುದನ್ನೇ ಬಿಟ್ಟುಬಿಟ್ಟರೂ, ಸ್ವಸ್ಥವಾದ ಕೈಯನ್ನು ಕಟ್ಟಿಹಾಕಿದೊಡನೆ ಆ ಸಂವೇದನೆಯಿಲ್ಲದ ಕೈಯನ್ನೇ ಬಳಸತೊಡಗುವುದನ್ನು ಕಂಡನು. ಕೈಯ ನಿಶ್ಚಲತೆಯಲ್ಲಿ ಒಂದಂಶ ಗಾಯದ್ದಾದರೆ, ಮತ್ತೊಂದಂಶ ಅಭ್ಯಾಸದ್ದು: ಮೊದಮೊದಲ ಯತ್ನಗಳು ವಿಫಲವಾದುದರಿಂದ, ಯತ್ನಿಸದಿರುವುದನ್ನೇ ಜೀವಿಯು ಕಲಿತುಬಿಡುತ್ತದೆ. ಈ ತತ್ತ್ವವನ್ನು ಮನುಷ್ಯರಲ್ಲಿ 222 ಮಂದಿ ರೋಗಿಗಳ ಮೇಲೆ ಪರೀಕ್ಷಿಸಿ, ಒಳ್ಳೆಯ ಕೈಗೆ ಚೀಲ ತೊಡಿಸಿ ಎರಡು ವಾರ ದುರ್ಬಲ ಕೈಯಿಂದಲೇ ಕೆಲಸ ಮಾಡಿಸಿದುದರಿಂದ ಗುಣ ಕಂಡಿತೆಂದು 2006ರಲ್ಲಿ ಪ್ರಕಟವಾಯಿತು.

ಇದನ್ನು ಓದಿದಾಗ ನನಗೆ ಗೀತೆಯ ಕರ್ಮಯೋಗವು ನೆನಪಾಯಿತು. ಫಲಾಸಕ್ತಿಯನ್ನು ನಾವು ನೈತಿಕ ದೋಷವೆಂದು ಮಾತ್ರ ಎಣಿಸಿದ್ದೆವು. ಇಲ್ಲಿ ಅದು ಸ್ನಾಯುವನ್ನೇ ಕೊಲ್ಲುತ್ತದೆ. ಫಲವು ಕಾಣದೆಂದು ಕೈಬಿಟ್ಟವನ ಕೈ ನಿಜವಾಗಿಯೂ ಬಿದ್ದುಹೋಗುತ್ತದೆ. ಆದರೆ ಈ ಸಾದೃಶ್ಯವನ್ನು ಬಹುದೂರ ಎಳೆಯಲು ನನಗೆ ಧೈರ್ಯವಿಲ್ಲ. ಏನನ್ನೂ ಬಯಸದೆ ಬರಿದೆ ಕೈಯೆತ್ತುವ ರೋಗಿ ಎಲ್ಲಿದ್ದಾನೆ? ಅವನಿಗೆ ತುತ್ತು ಬೇಕು, ಗುಂಡಿ ಹಾಕಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಜೀವನದ ಗುಣಮಟ್ಟವನ್ನು ನಿರೂಪಿಸುವಾಗಲೂ, ತನ್ನ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ, ತನ್ನ ಗುರಿಗಳಿಗನುಸಾರವಾಗಿ ಮನುಷ್ಯನು ತನ್ನ ಬಾಳನ್ನು ತಾನೇ ಹೇಗೆ ಕಾಣುತ್ತಾನೆಂಬುದನ್ನೇ ಮುಖ್ಯವಾಗಿ ಹಿಡಿಯಿತು. ಆ ಲೆಕ್ಕದಲ್ಲಿ ದೊಡ್ಡಪ್ಪನವರ ಆಚಮನವು ಕ್ಷುಲ್ಲಕವಲ್ಲ. ಬಿಡಬೇಕಾದುದು ಹಿಂದಿನ ದೇಹವೇ ಮರಳಬೇಕೆಂಬ ಹಟವನ್ನು. ಇಂದಿನ ತುತ್ತಿನ ಆಸೆಯನ್ನಲ್ಲ.

ಅತ್ಯುತ್ಸಾಹವೂ ಸಲ್ಲದು. ಆಘಾತವಾದ 24 ಗಂಟೆಗಳೊಳಗೇ ರೋಗಿಗಳನ್ನು ಪದೇಪದೇ ಎಬ್ಬಿಸಿ ನಡೆದಾಡಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ ಫಲಿತಾಂಶವು ಉತ್ತಮವಾಗುವ ಬದಲು ಕುಂದಿದುದನ್ನು 2015ರಲ್ಲಿ ವರದಿ ಮಾಡಿದರು. ನಮ್ಮ ಆಯುರ್ವೇದದವರು ಆರೋಗ್ಯವಂತನಿಗೂ ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾತ್ರ ವಿಧಿಸಿ, ಹಣೆಯಲ್ಲಿ ಬೆವರು ಮೂಡುವುದೇ ಮೊದಲಾದ ಲಕ್ಷಣಗಳಿಂದ ಆ ಎಲ್ಲೆಯನ್ನು ಗುರುತಿಸಿದ್ದರು. ಅರ್ಧಾಂಗವಷ್ಟೇ ಉಳಿದವನಿಗೆ ಆ ಮಾತು ಇನ್ನೆಷ್ಟು ಸಲ್ಲಬೇಕು!

ವೈದ್ಯರು ನಡೆಯಲು ಅಪ್ಪಣೆಯಿತ್ತಮೇಲೆ ದೊಡ್ಡಪ್ಪನವರು ಅಂಗಳದ ತುಳಸಿಕಟ್ಟೆಯನ್ನು ಆರಿಸಿಕೊಂಡರು. ಪ್ರದಕ್ಷಿಣೆಯಲ್ಲಿ ಬಲಮಗ್ಗುಲು ದೇವರ ಕಡೆಗಿರಬೇಕಾದುದರಿಂದ ಅವರ ಬಿದ್ದ ಭಾಗವು ಕಟ್ಟೆಯ ಕಡೆಗೂ, ಊರುಗೋಲು ಹಿಡಿದ ಎಡಗೈ ಹೊರಗಡೆಗೂ ಬಂದಿತು. ಮೊದಲ ದಿನ ಒಂದೇ ಸುತ್ತು. ಹಣೆ ಬೆವರಿತು, ಕುಳಿತರು. ಕೆಲವು ತಿಂಗಳು ಕಳೆದಮೇಲೆ ದೊಡ್ಡಮ್ಮನವರು ಪಂಚಪಾತ್ರೆಯನ್ನು ಮುಂದಿಟ್ಟು, ಸಹಾಯಕ್ಕೆ ಬಾರದೆ, ಕಷ್ಟಪಟ್ಟು ದೂರ ನಿಂತರು. ಎಡಗೈ ಉದ್ಧರಣೆಯಿಂದ ಬಲ ಅಂಗೈಗೆ ನೀರು ಬಿಟ್ಟಿತು. ಅದು ತುಟಿಗೇರುವಷ್ಟರಲ್ಲಿ ಬಹುಪಾಲು ಪಂಚೆಯ ಮೇಲೆ ಚೆಲ್ಲಿದ್ದಿತು. ಅವರು ಕೇಶವನ ಹೆಸರನ್ನು ಮತ್ತೆ ಮೊದಲಿನಿಂದ ಹೇಳಿ ಇನ್ನೊಂದು ಉದ್ಧರಣೆ ನೀರು ಬಿಟ್ಟುಕೊಂಡರು.