ದೊರೆಯೂ ಸಾಮಂತನೂ

ಕೆರೆಗೆ ಹೇಮಾವತಿ ನೀರು ಬಿಡಿಸಿದ ನಾಯಕರು ಫ್ಲೆಕ್ಸಿನಲ್ಲಿ ಮಹಾರಾಜರಾಗುತ್ತಾರೆ. ಅವರೇ ಅಧಿಕಾರಿಯನ್ನು ಗದರಿದರೆ ಎದುರು ಪಕ್ಷದವರು ‘ಇದೇನು ರಾಜರ ಕಾಲವೇ?’ ಎಂದು ರೇಗುತ್ತಾರೆ. ಹೊಗಳಿಕೆಗೂ ಬೈಗುಳಕ್ಕೂ ಆಧಾರ ಒಂದೇ: ಹಿಂದೆ ರಾಜ ಹೇಳಿದ್ದೇ ಕಾನೂನು ಎಂಬ ನಂಬಿಕೆ.

ಆ ನಂಬಿಕೆ ಪೂರ್ತಿ ನಿಜವಲ್ಲ. ಗೂಳೂರಿನ ಪಕ್ಕದ ಕೈದಾಳದ ಗುಡಿಗೆ ಹೋದವರು ಶಿಲ್ಪಿ ಜಕಣಾಚಾರಿಯ ಕಥೆ ಕೇಳಿ ಬರುತ್ತಾರೆ. ಗುಡಿ ಕಟ್ಟಿಸಿದವನನ್ನು ಯಾರೂ ವಿಚಾರಿಸುವುದಿಲ್ಲ. 12ನೇ ಶತಮಾನದ ನಡುವಿನಲ್ಲಿ ಅಲ್ಲಿ ಚನ್ನಕೇಶವನನ್ನು ನಿಲ್ಲಿಸಿದವನು ಮರುಗರೆನಾಡಿನ ಬಾಚಿದೇವ, ಹೊಯ್ಸಳ ಒಂದನೇ ನರಸಿಂಹನ ಸಾಮಂತ. ಸಾಮಂತನೆಂದರೆ ಸರ್ಕಾರಿ ನೌಕರನಲ್ಲ. ಜಿಲ್ಲಾಧಿಕಾರಿಯನ್ನು ನಾಳೆ ಬೀದರಿಗೆ ವರ್ಗ ಮಾಡಬಹುದು. ಬಾಚಿದೇವನನ್ನು ವರ್ಗ ಮಾಡುವಂತಿರಲಿಲ್ಲ, ಬೇಡವೆನಿಸಿದರೆ ಕಾದಾಡಿ ಸೋಲಿಸಬೇಕಿತ್ತು. ಜಿಲ್ಲಾಧಿಕಾರಿಯದು ಮೇಲಿನವರು ಕೊಟ್ಟ ಅಧಿಕಾರ. ಸಾಮಂತನಿಗೆ ನೆಲ, ಬಂಟರು, ನೆಂಟಸ್ತನ ಎಲ್ಲವೂ ಊರಿನಲ್ಲೇ. ಮೇಲಿನ ದೊರೆಗೆ ಅವನು ಕಪ್ಪ ಕೊಡುತ್ತಿದ್ದ, ಯುದ್ಧಕ್ಕೆ ಆಳು ಕಳಿಸುತ್ತಿದ್ದ, ಶಾಸನದಲ್ಲಿ ದೊರೆಯ ಹೆಸರು ಮೊದಲು ಕೆತ್ತಿಸುತ್ತಿದ್ದ. ಪ್ರಭುತ್ವ ಹೀಗೆ ಹಂಚಿಹೋಗಿತ್ತು. ಹಂಚಿದ್ದನ್ನು ದೌರ್ಬಲ್ಯವೆನ್ನುವ ಇತಿಹಾಸಕಾರರಿಗೆ ಎಲ್ಲವನ್ನೂ ದಿಲ್ಲಿಯಿಂದಲೇ ಆಳುವ ನಕಾಶೆಯೇ ಕಣ್ಣಿಗೆ ಕಟ್ಟಿರುತ್ತದೆ.

ಇತಿಹಾಸಕಾರ ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ಇನ್ನೂ ಮುಂದೆ ಹೋದ. ನೀರಾವರಿಯ ದೊಡ್ಡ ಕಾಮಗಾರಿಗಳಿಗೆ ಜನರನ್ನು ದುಡಿಸಬೇಕು, ದುಡಿಸಲು ನಿರಂಕುಶ ದೊರೆ ಬೇಕು, ಪೂರ್ವದೇಶಗಳ ಸರ್ವಾಧಿಕಾರ ಹುಟ್ಟಿದ್ದೇ ಅಲ್ಲಿ ಎಂದ. ನೈಲ್ ನದಿಯ ಮಾತು ಏನಾದರೂ ಇರಲಿ, ನಮ್ಮದು ಕೆರೆಯ ಸೀಮೆ. ಗುಬ್ಬಿ, ಕುಣಿಗಲ್ ಕಡೆ ಹಳ್ಳಕ್ಕೆ ಏರಿ ಹಾಕಿದರೆ ಮಳೆನೀರು ನಿಲ್ಲುತ್ತದೆ. ಕೆರೆ ಕಟ್ಟಿಸಿದವನಿಗೂ ಏರಿ ಕಾಯುವವನಿಗೂ ಅದರ ಕೆಳಗಿನ ಗದ್ದೆಯನ್ನೇ ಕಟ್ಟುಕೊಡಗೆಯಾಗಿ ಬಿಡುತ್ತಿದ್ದರು. ತೂಬು ಎತ್ತಲು ಊರಿನ ನೀರುಗಂಟಿ ಸಾಕು, ಹೊಯ್ಸಳರ ರಾಜಧಾನಿ ದೋರಸಮುದ್ರದಿಂದ ಯಾರೂ ಬರಬೇಕಿರಲಿಲ್ಲ.

ದತ್ತಿ ಶಾಸನಗಳ ಕೊನೆಯ ಸಾಲು ನೋಡಿ. ತಾನು ಕೊಟ್ಟದ್ದಾಗಲಿ, ಪರರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳವಾಗುತ್ತಾನೆ ಎಂಬ ಶಾಪವದು. ಮುಂದೆ ಬರುವ ದೊರೆಗಳಿಗೂ ಅದು ತಪ್ಪಿದ್ದಲ್ಲ. ಶಾಪ ಬೇಕಾಯಿತೆಂದರೆ ಕಿತ್ತುಕೊಳ್ಳುವವರಿದ್ದರು, ನಿಜ. ಆದರೆ ಕೊಟ್ಟದ್ದರ ಮೇಲೆ ದೊರೆಗೂ ಕೈಹಾಕುವ ಹಕ್ಕಿಲ್ಲವೆಂದು ಕಲ್ಲಿನಲ್ಲಿ ಬರೆಸಿಡುವ ರಾಜ್ಯವನ್ನು ನಿರಂಕುಶ ಎನ್ನಲು ನನಗಂತೂ ಮನಸ್ಸಿಲ್ಲ.

ಇದನ್ನೇ ಹಿಡಿದುಕೊಂಡು ಆಗಲೇ ಪ್ರಜಾಪ್ರಭುತ್ವವಿತ್ತು ಎಂದು ಭಾಷಣ ಬಿಗಿಯುವವರೂ ಇದ್ದಾರೆ. ಆದರೆ ಅಧಿಕಾರ ಹಂಚಿಕೊಂಡವರು ದೊರೆ, ಸಾಮಂತ, ನಾಡಗೌಡ, ದೇವಸ್ಥಾನದವರು. ಸಿದ್ಧಾಯವೆಂಬ ಕಂದಾಯ ತೆತ್ತು ಗದ್ದೆ ಉಳುವವನಿಗೆ ಒಬ್ಬ ಒಡೆಯನಿದ್ದಲ್ಲಿ ನಾಲ್ವರಾದರು.