ಇಳಿದ ಬ್ಯಾಟರಿ, ತಟ್ಟದ ಬಾಗಿಲು



ಜುಲೈ ತಿಂಗಳ ಒಂದು ಬೆಳಗಿನ ಜಾವ, ನಾಲ್ಕು ಗಂಟೆಗೆ ಗುರುನಿವಾಸದ ಫೋನು ಬಾರಿಸಿತು. ಆರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಒಬ್ಬ ವೃದ್ಧ ತಾಯಿ ಸಾವಿನಂಚಿನಲ್ಲಿದ್ದಾರೆ, ಅಭ್ಯಂಗ ಸಂಸ್ಕಾರ ನೀಡಲು ಬೇಗ ಬನ್ನಿ ಎಂದು ಮಗ ಬೇಡಿಕೊಂಡರು. ಪವಿತ್ರ ತೈಲವನ್ನೂ ಪರಮಪ್ರಸಾದವನ್ನೂ ತೆಗೆದುಕೊಂಡು ಹೋಗಿ ಕಾರಿನಲ್ಲಿ ಕುಳಿತು ಕೀಲಿ ತಿರುಗಿಸಿದೆ. ಒಮ್ಮೆ 'ಟಕ್' ಎಂದಿತು, ಅಷ್ಟೇ. ಹಿಂದಿನ ಸಂಜೆ ಮಳೆಯಲ್ಲಿ ಅವಸರವಾಗಿ ಇಳಿದವನು ಹೆಡ್‌ಲೈಟ್ ಆರಿಸಲು ಮರೆತಿದ್ದೆ. ರಾತ್ರಿಯೆಲ್ಲ ಕಾಂಪೌಂಡ್ ಗೋಡೆಗೆ ಬೆಳಕು ಕೊಟ್ಟ ಬ್ಯಾಟರಿ, ಬೇಕಾದ ಹೊತ್ತಿಗೆ ಬರಿದಾಗಿತ್ತು.

ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ನಾನೊಬ್ಬನೇ. ಎದುರು ಮನೆಯ ಅಂಗಳದಲ್ಲಿ ಒಂದು ಕಾರು ನಿಂತಿತ್ತು. ಆ ಮನೆಯವರು ನಮ್ಮ ಧರ್ಮಕೇಂದ್ರದವರೇ. ಆದರೆ ಅವರ ತಂದೆಯ ಅಂತ್ಯಕ್ರಿಯೆಯ ಸಮಯದಲ್ಲಾದ ಒಂದು ಮನಸ್ತಾಪದಿಂದ ಮನೆಯ ಯಜಮಾನರು ದೇವಾಲಯಕ್ಕೆ ಬರುವುದನ್ನು ಬಿಟ್ಟು ಎಂಟು ವರ್ಷಗಳಾಗಿದ್ದವು. ನಾನು ಆ ಧರ್ಮಕೇಂದ್ರಕ್ಕೆ ಬಂದು ಮೂರು ವರ್ಷ. ದಿನವೂ ಅವರ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದೆ. ಒಮ್ಮೆಯೂ ಆ ಬಾಗಿಲು ತಟ್ಟಿರಲಿಲ್ಲ. ಅಂದು ತಟ್ಟಿದೆ.

"ಏನಾಯ್ತು ಸ್ವಾಮಿ?" ಎಂದರು.

"ಬ್ಯಾಟರಿ ಡೌನ್ ಆಗಿದೆ. ಒಬ್ಬ ತಾಯಿ ಸಾಯ್ತಾ ಇದ್ದಾರೆ, ಹೋಗಬೇಕು."

ಅವರು ಎರಡನೆಯ ಮಾತಾಡಲಿಲ್ಲ. ತಮ್ಮ ಕಾರನ್ನು ನನ್ನ ಕಾರಿನ ಹತ್ತಿರ ತಂದು ನಿಲ್ಲಿಸಿದರು. ಕೆಂಪು ಕೇಬಲ್ಲಿನ ಒಂದು ತುದಿಯನ್ನು ನನ್ನ ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ತಮ್ಮ ಬ್ಯಾಟರಿಯ ಪ್ಲಸ್‌ಗೂ ಹಾಕಿದರು. ಕಪ್ಪು ಕೇಬಲ್ಲನ್ನು ತಮ್ಮ ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಅದರ ಕೊನೆಯ ತುದಿಯನ್ನು ಮಾತ್ರ ನನ್ನ ಬ್ಯಾಟರಿಗೆ ಹಾಕದೆ, ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಿದರು. "ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ ಸ್ವಾಮಿ, ಹತ್ತಿರ ಕಿಡಿ ಹಾರಬಾರದು" ಎಂದರು. ಐದು ನಿಮಿಷ ತಮ್ಮ ಎಂಜಿನ್ ಓಡಿಸಿದರು. ಆಮೇಲೆ ಕೀಲಿ ತಿರುಗಿಸಿದಾಗ ನನ್ನ ಕಾರು ಎಚ್ಚರಗೊಂಡಿತು. ಹಾಕಿದ ಕ್ರಮಕ್ಕೆ ತಿರುವುಮುರುವಾಗಿ ಕೇಬಲ್ಲುಗಳನ್ನು ತೆಗೆದು, "ದಾರೀಲಿ ನಿಂತ್ರೆ ಕಷ್ಟ" ಎಂದು ನನ್ನ ಪಕ್ಕದಲ್ಲೇ ಕುಳಿತರು.

ಹಳ್ಳಿ ತಲುಪಿದಾಗ ಹೇಳಿದರು: "ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗೋದು ಕಷ್ಟ. ನೀವು ಒಳಗೆ ಹೋಗಿ, ನಾನು ನೋಡ್ಕೋತೀನಿ."

ಆ ತಾಯಿಗೆ ಇನ್ನೂ ಎಚ್ಚರವಿತ್ತು. ಹಣೆಗೂ ಅಂಗೈಗಳಿಗೂ ತೈಲ ಹಚ್ಚಿದೆ, ಪರಮಪ್ರಸಾದದ ಸಣ್ಣ ತುಣುಕೊಂದನ್ನು ನಾಲಿಗೆಯ ಮೇಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವರು ಪ್ರಭುವಿನಲ್ಲಿ ನಿದ್ರೆಹೋದರು. ನಾನು ಹೊರಗೆ ಬಂದಾಗ ಓಡುತ್ತಿದ್ದ ಕಾರಿನ ಪಕ್ಕದಲ್ಲಿ ಅವರು ಕೈಮುಗಿದು ನಿಂತಿದ್ದರು.

ಹಿಂದಿರುಗುವಾಗ ಹೇಳಿದೆ: "ಮೂರು ವರ್ಷ ನಿಮ್ಮ ಮನೆಗೆ ಬರಲಿಲ್ಲ. ನನಗೆ ಬೇಕಾದಾಗ ಬಂದೆ. ಕ್ಷಮಿಸಿ." ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಈಗಲಾದ್ರೂ ತಟ್ಟಿದ್ರಲ್ಲ ಸ್ವಾಮಿ. ಬೇರೆ ಯಾರೂ ತಟ್ಟಲಿಲ್ಲ."

ಪ್ರಿಯರೇ, ಬ್ಯಾಟರಿ ಸದ್ದು ಮಾಡಿ ಸಾಯುವುದಿಲ್ಲ. ನಾನು ಹೆಡ್‌ಲೈಟ್ ಮರೆತಂತೆ ಮರೆತರೆ ಒಂದೇ ರಾತ್ರಿಯಲ್ಲಿ ಬರಿದಾಗುತ್ತದೆ. ಓಡಿಸದೆ ನಿಲ್ಲಿಸಿದರೆ ವಾರಗಳಲ್ಲಿ ಬರಿದಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮನೆ ಮುಂದೆಯೇ ನಿಂತ ಎಷ್ಟೋ ಕಾರುಗಳು ಹೀಗೇ ಮೂಕವಾದವು. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಹಿಡಿಯದು. ಮನಸ್ತಾಪವೂ ಹಾಗೆಯೇ. ಮೊದಲ ವಾರದಲ್ಲಿ ಒಂದು ಮಾತಿಗೆ ಕರಗುವುದು ಎಂಟು ವರ್ಷದಲ್ಲಿ ಕಲ್ಲಾಗುತ್ತದೆ.

ಸಂತ ಮಾರ್ಕನ ಶುಭಸಂದೇಶದಲ್ಲಿ (2:1-12) ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಮಾಳಿಗೆ ತೆಗೆದು ಯೇಸುಸ್ವಾಮಿಯ ಮುಂದೆ ಇಳಿಸುತ್ತಾರೆ. ಪ್ರಭು ಹೊತ್ತು ತಂದವರ ವಿಶ್ವಾಸವನ್ನು ಕಂಡರು. ಆದರೆ ಗುಣವಾದ ಮೇಲೆ ಅವನನ್ನು ಮತ್ತೆ ಹೊತ್ತುಕೊಂಡು ಹೋಗಲು ಹೇಳಲಿಲ್ಲ. ಹಾಸಿಗೆ ಎತ್ತಿಕೊಂಡು ನೀನೇ ನಡೆ ಎಂದರು. ಹತ್ತು ಕನ್ಯೆಯರ ಸಾಮತಿಯಲ್ಲಿ (ಮತ್ತಾಯ 25:1-13) ಜಾಣೆಯರು ಎಣ್ಣೆ ಹಂಚಿಕೊಳ್ಳದಿರುವುದು ನಮಗೆ ಕಠಿಣವಾಗಿ ಕೇಳಿಸುತ್ತದೆ. ನನಗೆ ಅದರ ಅರ್ಥ ತಿಳಿದದ್ದು ಅಂದು. ನೆರೆಯವರ ಕೇಬಲ್ ನನ್ನ ಬ್ಯಾಟರಿಯನ್ನು ತುಂಬಿಸಲಿಲ್ಲ. ನನ್ನ ಎಂಜಿನ್ನನ್ನು ಎಬ್ಬಿಸಿತು, ಅಷ್ಟೇ. ತುಂಬಬೇಕಾದರೆ ಅದು ತಾನೇ ಓಡಬೇಕು. ಗಂಡನ ಪರವಾಗಿ ಹೆಂಡತಿ, ಮಗನ ಪರವಾಗಿ ತಾಯಿ ಜಪಸರ ಹೇಳಬಹುದು, ಹೇಳಲೇಬೇಕು. ಆದರೆ ಗಂಡನ ವಿಶ್ವಾಸವನ್ನು ಹೆಂಡತಿ ಬಾಳಲಾರಳು.

ಆ ನೆರೆಯವರು ಮುಂದಿನ ಭಾನುವಾರ ಪೂಜೆಗೆ ಬಂದರೇ ಎಂದು ನೀವು ಕೇಳಬಹುದು. ಬರಲಿಲ್ಲ. ಸ್ಟಾರ್ಟ್ ಆದ ಕೂಡಲೇ ಬ್ಯಾಟರಿ ತುಂಬುವುದಿಲ್ಲವಲ್ಲ! ವಾರಕ್ಕೊಮ್ಮೆ ನಾನು ಅವರ ಗೇಟು ತೆರೆಯುತ್ತಿದ್ದೆ, ಕಾಫಿ ಕುಡಿಯುತ್ತಿದ್ದೆ, ತಂದೆಯವರ ಅಂತ್ಯಕ್ರಿಯೆಯಂದು ಏನಾಯಿತೆಂದು ಕೇಳುತ್ತಿದ್ದೆ. ತಪಸ್ಸುಕಾಲದ ಒಂದು ಶುಕ್ರವಾರ ಅವರು ಬಂದು ಶಿಲುಬೆಯ ಹಾದಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತರು. ಪಾಸ್ಖ ಹಬ್ಬಕ್ಕೆ ಮೊದಲು ಪಾಪನಿವೇದನೆ ಮಾಡಿದರು.

ನಿಮ್ಮ ಬೀದಿಯಲ್ಲೂ ನೀವು ಹಾದುಹೋಗುವ ಅಂಥ ಒಂದು ಗೇಟು ಇರಬಹುದು. ಅದು ಅಣ್ಣನ ಮನೆಯದಾಗಿರಬಹುದು, ಅತ್ತಿಗೆಯದಾಗಿರಬಹುದು. ನಿಮಗೆ ಏನಾದರೂ ಬೇಕಾಗುವ ತನಕ ಕಾಯಬೇಡಿ. ಈ ವಾರವೇ ಹೋಗಿ ತಟ್ಟಿರಿ. ಇಂದು ರಾತ್ರಿ ಮನೆಯವರೆಲ್ಲ ಜಪಸರಕ್ಕೆ ಕುಳಿತಾಗ ಆ ಮನೆಯವರ ಹೆಸರನ್ನೂ ಹೇಳಿ ಪ್ರಾರ್ಥಿಸಿರಿ. ಪವಿತ್ರಾತ್ಮರು ನಮ್ಮಲ್ಲಿ ಹೊತ್ತಿಸಿದ ಕಿಡಿ ಆರದಿರಲಿ. ಆಮೆನ್.